ಯಾರೂ ನೋಡದ ಗ್ರಹಣಕ್ಕೆ ತಪ್ಪು ಕಾಣಿಕೆ

ಡೊಂಬಿವಲಿ, ಎಂಐಡಿಸಿ
ಸೋಮವಾರ, ೫ ಅಕ್ಟೋಬರ್ ೨೦೨೬

ಪ್ರೀತಿಯ ಮಗಳು ಸೋನಾಲಿಗೆ,

ಅಮ್ಮನ ಆಶೀರ್ವಾದ. ಇದರ ಕೆಳಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದು ವಾಡಿಕೆ. ಬರೆಯಲು ಕೈ ಏಳುತ್ತಿಲ್ಲ. ಪಪ್ಪನ ಬಿ.ಪಿ. ಹತೋಟಿಯಲ್ಲಿದೆ, ನಿನ್ನ ಅಣ್ಣ ಸಮಿತ್ ದಿನಾ ಶಹಾಡಿನ ಕಾರ್ಖಾನೆಗೆ ಹೋಗಿ ಬರುತ್ತಿದ್ದಾನೆ, ಸಂಜೆಯಾದರೆ ಎಂದಿನ ಕೆಮಿಕಲ್ ವಾಸನೆಗೆ ನಾನು ಕಿಟಕಿ ಹಾಕುತ್ತೇನೆ. ಕ್ಷೇಮವಿಲ್ಲದವಳು ನಾನೊಬ್ಬಳೇ, ಅದೂ ನಾನೇ ಮಾಡಿಕೊಂಡದ್ದು.

ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದುದೇ ಒಳ್ಳೆಯದಾಯಿತೇನೋ. ಎತ್ತಿದ್ದರೆ ಊಟ ಆಯಿತಾ, ಕಾಲು ಊದಿಕೊಂಡಿದೆಯಾ ಎಂದು ಕೇಳುತ್ತಾ ಮುಖ್ಯ ಮಾತನ್ನು ನುಂಗಿಕೊಂಡುಬಿಡುತ್ತಿದ್ದೆ, ನನ್ನ ಬುದ್ಧಿ ನಿನಗೆ ಗೊತ್ತಿದೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಇದು ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕೂರುವ ಮಾತಲ್ಲ. ನೀನು ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು. ಈಗ ನನಗೆ ಹಿಂದಿಯಲ್ಲಿ ಉತ್ತರ ಕೊಟ್ಟರೂ ಓದುವುದನ್ನು ಮರೆತಿರಲಾರೆ. ನಿಧಾನವಾಗಿ ಓದು. ಅಂಚೆಗೆ ಹಾಕಿದರೆ ಯಾವಾಗ ಸಿಗುತ್ತದೋ ಎಂದು ಸಮಿತ್ ಕೈಯಲ್ಲೇ ಕಳಿಸುತ್ತಿದ್ದೇನೆ, ಐರೋಲಿಯ ನಿನ್ನ ಆಫೀಸಿನ ಗೇಟಿಗೆ ಬಂದು ಕೊಡುತ್ತಾನೆ.

ಅವಸರ ಇರುವುದು ಭಾನುವಾರದ್ದು. ಪಿತೃಪಕ್ಷ ಮುಗಿದು ನವರಾತ್ರಿ ಹಿಡಿಯುವ ಆ ದಿನ ನಿನ್ನ ಅತ್ತೆ ಮನೆಯಲ್ಲಿ ಗ್ರಹಣಶಾಂತಿಯ ಪೂಜೆ ಇಟ್ಟುಕೊಂಡಿದ್ದಾರೆ. ನೆಂಟರೆದುರು ನೀನು ‘ನನ್ನಿಂದ ತಪ್ಪಾಯಿತು’ ಎಂದು ಹೇಳಿ ಹರಿವಾಣಕ್ಕೆ ತಪ್ಪು ಕಾಣಿಕೆ ಹಾಕಬೇಕಂತೆ. ನೀನು ಒಪ್ಪಿದ್ದೀಯಂತೆ. ಬೇಡ ಮಗಾ. ಪೂಜೆಗೆ ಕೂತುಕೋ, ಪ್ರಸಾದ ತೆಗೆದುಕೋ, ಆ ಕಾಣಿಕೆಯೊಂದನ್ನು ಹಾಕಬೇಡ. ಯಾಕೆ ಬೇಡ ಎನ್ನುವುದನ್ನು ಹೇಳಲಿಕ್ಕೇ ಈ ಕಾಗದ.

ಸ್ಕ್ಯಾನಿಗೆ ಹೋದ ಶನಿವಾರವನ್ನು ನೆನಪಿಸಿಕೊಳ್ಳುವುದು ನಿನಗೂ ಕಷ್ಟ. ಆದರೂ ನಾನು ಅಲ್ಲಿಂದಲೇ ಶುರು ಮಾಡಬೇಕು. ಡಾಕ್ಟರಮ್ಮ ಎಷ್ಟು ತಾಳ್ಮೆಯಿಂದ ಹೇಳಿದರು. ಮಗುವಿನ ಮೇಲ್ದುಟಿ ಒಂದು ಕಡೆ ಕೂಡಿಕೊಂಡಿಲ್ಲ, ಉಳಿದದ್ದೆಲ್ಲ ಚೆನ್ನಾಗಿದೆ, ಹುಟ್ಟಿ ಕೆಲವು ತಿಂಗಳಾದ ಮೇಲೆ ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು. ಆಮೇಲೆ ಎರಡೂ ಮನೆಗಳಲ್ಲಿ ಯಾರಿಗಾದರೂ ಹೀಗೆ ಸೀಳುತುಟಿ ಇತ್ತೇ ಎಂದು ವಿಚಾರಿಸಿದರು. ನಿನ್ನ ಅತ್ತೆ ವಾರಿಜಕ್ಕ ತಮ್ಮ ಕಡೆ ಇಲ್ಲವೆಂದರು. ನಾನೂ ನಮ್ಮಲ್ಲಿ ಯಾರಿಗೂ ಇಲ್ಲವೆಂದೆ. ನೀನು ತಿರುಗಿ ನನ್ನ ಮುಖ ನೋಡಿದೆ.

ನಿನ್ನ ಅಣ್ಣನ ಮೀಸೆಯ ಕೆಳಗಿನ ಗೆರೆ ನಿನಗೆ ಗೊತ್ತಿಲ್ಲದ್ದೇ? ನಿನ್ನ ಮದುವೆಯ ಮಾತುಕತೆಗೆ ಬಂದಾಗ ವಾರಿಜಕ್ಕ ಆ ಗೆರೆ ಏನೆಂದು ಕೇಳಿದ್ದರು. ಚಿಕ್ಕಂದಿನಲ್ಲಿ ಪಪ್ಪನ ಹೋಟೆಲಿನ ಮೆಟ್ಟಿಲಿನಿಂದ ಬಿದ್ದದ್ದು ಎಂದು ನಾನು ಥಟ್ಟನೆ ಹೇಳಿದ್ದೆ, ನೀನು ಚಹಾದ ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ಅದನ್ನು ಈಗ ಡಾಕ್ಟರ ಕೋಣೆಯಲ್ಲಿ, ಅದೇ ವಾರಿಜಕ್ಕನ ಎದುರು, ಸುಳ್ಳೆಂದು ಒಪ್ಪಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ನೀನಾದರೂ ಹೇಳಬಹುದಿತ್ತು. ಹೇಳಲಿಲ್ಲ, ನನ್ನ ಮಾನ ಉಳಿಸಿದೆ.

ಆ ಉಪಕಾರಕ್ಕೆ ನಾನು ಮಾಡಿದ್ದೇನು? ಅಲ್ಲಿಂದ ಮಾಜಿವಾಡಾದ ನಿಮ್ಮ ಮನೆಗೆ ಬಂದೆವು. ಅಳಿಯ ಮನೀಶ್ ನಿನ್ನ ಕಾಲ ಕೆಳಗೆ ದಿಂಬು ಇಟ್ಟ. ವಾರಿಜಕ್ಕ ಚಹಾ ಮಾಡಿ ತಂದರು. ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ನಾನು ಕೇಳಿದೆ:

“ಗ್ರಹಣದ ದಿವಸ ನೀನು ಎಂತಾದರೂ ಕತ್ತರಿಸಿದ್ದುಂಟಾ?”

ಕೇಳಿದವರು ನಿನ್ನ ಅತ್ತೆಯಲ್ಲ. ಗ್ರಹಣದಲ್ಲಿ ಬಸುರಿ ಏನಾದರೂ ಕತ್ತರಿಸಿದರೆ ಮಗುವಿನ ತುಟಿ ಸೀಳುತ್ತದೆಂಬ, ಜನ ಅತ್ತೆಯಂದಿರ ಮೇಲೆ ಹೊರಿಸುವ ಮಾತನ್ನು ಹೆತ್ತ ತಾಯಿ ಕೇಳಿದಳು. ನೀನು ಪರೀಕ್ಷೆಯಲ್ಲಿ ಉತ್ತರ ನೆನಪಿಸಿಕೊಳ್ಳುವ ಮಕ್ಕಳ ಹಾಗೆ, ಪಾಪ, ನಿಜವಾಗಿಯೂ ಯೋಚಿಸಿದೆ. ಆಮೇಲೆ ಹೇಳಿದೆ:

“ರಾಖೀ ಕಾ ಧಾಗಾ ಕಾಟಾ ಥಾ, ಮಮ್ಮಿ. ಕೈಂಚೀ ಸೆ.”

ರಾಖಿಯ ದಾರವನ್ನು ಕತ್ತರಿಯಿಂದ ಕತ್ತರಿಸಿದ್ದೆ ಎಂದು. ವಾರಿಜಕ್ಕ ಕಪ್ಪು ಕೆಳಗಿಟ್ಟರು. ನಾನು ರಿಕ್ಷಾ ಹಿಡಿದು ಠಾಣೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ಅವರು ಭಟ್ಟರಿಗೆ ಫೋನ್ ಮಾಡಿ ಆಗಿತ್ತು.

ಇನ್ನು ಬರೆಯುವುದನ್ನು ಓದಿ ನಿನಗೆ ನನ್ನ ಮೇಲೆ ಹೇಸಿಗೆ ಬಂದರೆ ಬರಲಿ. ನೀನು ಕತ್ತರಿಯ ಮಾತು ಹೇಳಿದಾಗ ನನಗೆ ಹಾಯೆನಿಸಿತು. ಹೌದು, ಮಗಳ ಕಣ್ಣಲ್ಲಿ ನೀರು ತುಂಬಿರುವಾಗ ತಾಯಿಗೆ ಹಾಯೆನಿಸಿತು. ಕಾರಣ ಸಿಕ್ಕಿತು, ಅದು ನನ್ನ ರಕ್ತದಲ್ಲಿಲ್ಲ, ನನ್ನ ಮನೆತನದಲ್ಲಿಲ್ಲ, ಇನ್ನು ಯಾರೂ ಸಮಿತ್‌ನ ಮೀಸೆಯ ಕೆಳಗೆ ಇಣುಕುವುದಿಲ್ಲ ಎಂದು. ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಮುಂಬ್ರಾ ದಾಟುವವರೆಗೆ ಗಾಳಿಗೆ ಮುಖವೊಡ್ಡಿ ಚೆನ್ನಾಗಿಯೇ ಕೂತಿದ್ದೆ. ದಿವಾ ಸ್ಟೇಷನ್ ಬಂದಾಗ, ಜನ ನುಗ್ಗುವ ಗಲಾಟೆಯಲ್ಲಿ, ಆ ಕತ್ತರಿಯನ್ನು ನಿನ್ನ ಕೈಗೆ ತಂದುಕೊಟ್ಟವಳು ನಾನೇ ಎನ್ನುವುದು ನೆನಪಾಯಿತು. ನಿನಗೆ ಅದು ಆಗಲೇ ನೆನಪಿದ್ದಿರಬೇಕು. ಅದನ್ನೂ ನೀನು ಹೇಳಲಿಲ್ಲ.

ರಾಖಿಯ ಆ ಬೆಳಿಗ್ಗೆಯನ್ನು ನೆನಪಿಸಿಕೋ. ನೀನು ರಜೆ ಹಾಕಿ ಬಂದಿದ್ದೆ. ನಾನು ಪಕ್ಕದ ಮನೆಯವರಿಂದ ಕಲಿತ ನಾರಳಿ ಭಾತ್, ತೆಂಗಿನಕಾಯಿಯ ಸಿಹಿ ಅನ್ನ, ಮಾಡಿದ್ದೆ, ಬೆಲ್ಲ ಜಾಸ್ತಿಯಾಗಿ ಪಪ್ಪ ಮುಖ ಸಿಂಡರಿಸಿದ್ದರು. ನೀನು ತಂದ ರಾಖಿಯ ದಾರ ಎಷ್ಟು ಉದ್ದವಿತ್ತೆಂದರೆ ಗಂಟು ಹಾಕಿದ ಮೇಲೂ ಸಮಿತ್‌ನ ಮೊಣಕೈವರೆಗೆ ನೇತಾಡುತ್ತಿತ್ತು. ನಾನು ಹೊಲಿಗೆ ಡಬ್ಬದಿಂದ ಕತ್ತರಿ ತಂದೆ, ನೀನು ತುದಿ ಕತ್ತರಿಸಿದೆ. ತಿನ್ನಲು ಕೂತ ಮೇಲೆ ಸಮಿತ್ ನಗುತ್ತಾ, ಈಗ ಈ ಹೊತ್ತಿಗೇ ನನ್ನ ಗ್ರಹಣ ನಡೆಯುತ್ತಾ ಇದೆ, ಭೂಮಿಯ ಆ ಕಡೆಗೆ, ಎಂದ.

ನಿನ್ನ ಅಣ್ಣನಿಗೆ ಗ್ರಹಣವೆಂದರೆ ಚಿಕ್ಕಂದಿನಿಂದ ಸ್ವಂತ ಆಸ್ತಿಯಿದ್ದ ಹಾಗೆ. ಉಳಿದ ಹುಡುಗರು ಕ್ರಿಕೆಟ್ ಸ್ಕೋರು ಓದಿದರೆ ಇವನು ಗ್ರಹಣದ ಪಟ್ಟಿ ಓದುತ್ತಿದ್ದ. ಒಂದು ಗ್ರಹಣವಾದರೆ ಹದಿನೆಂಟು ವರ್ಷ ಹನ್ನೊಂದು ದಿನಗಳ ಮೇಲೆ ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಅದೇ ಸಾಲಿಗೆ ಬಂದು ಅಂಥದ್ದೇ ಗ್ರಹಣ ಮತ್ತೆ ಆಗುತ್ತದಂತೆ. ಸಾರೋಸ್ ಎಂದೇನೋ ಅದರ ಹೆಸರು. ಆದರೆ ಲೆಕ್ಕ ಸರಿಯಾಗಿ ದಿನಕ್ಕೆ ಮುಗಿಯದೆ ಎಂಟು ಗಂಟೆ ಹೆಚ್ಚಾಗುವುದರಿಂದ, ಅಷ್ಟರಲ್ಲಿ ಭೂಮಿ ತಿರುಗಿ, ಗ್ರಹಣ ಬೇರೆ ಊರಿನವರ ಆಕಾಶಕ್ಕೆ ಹೋಗಿರುತ್ತದೆ. ಸಮಿತ್ ಹೊಟ್ಟೆಯಲ್ಲಿದ್ದ ತೊಂಬತ್ತನೆಯ ಇಸವಿಯ ಆಗಸ್ಟಿನಲ್ಲಿ ಅದು ಸಂಜೆಗೆ ಆಯಿತು. ಎರಡು ಸಾವಿರದ ಎಂಟರಲ್ಲಿ ಬೆಳಗಿನ ಜಾವಕ್ಕೆ ಸರಿಯಿತು. ಈ ಸಲ ನಮಗೆ ಬೆಳಿಗ್ಗೆ, ಚಂದ್ರ ಮುಳುಗಿ ಆದಮೇಲೆ. ಮೂರು ಸಲವೂ ಪಾರ್ಶ್ವಗ್ರಹಣವೇ. ಪ್ರತಿ ಸಲ ನೆರಳು ಚಂದ್ರನನ್ನು ಇನ್ನಷ್ಟು ಮುಚ್ಚುತ್ತಾ ಬಂದಿದೆಯಂತೆ. ಮೂರು ಸಲವೂ ನೂಲುಹುಣ್ಣಿಮೆಯ ದಿನವೇ, ರಾಖಿಯ ದಿನವೇ.

ಅವನು ತಮಾಷೆಗೆ ಹೇಳಿದ್ದು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ಅದೇ ಗ್ರಹಣ ಮರಳಿ ಬಂದಿದೆ, ಮೊದಲನೆಯ ಮಗುವನ್ನು ಮುಟ್ಟಿತು, ಈಗ ಎರಡನೆಯದರ ಹೊಟ್ಟೆಗೆ ಬಂತು, ಎಂದು ನನ್ನ ತಲೆ ಓಡಿತು. ನೀನು ಹೋದ ಮೇಲೆ ಪಂಚಾಂಗ ತೆಗೆದು ನೋಡಿದೆ. ನಮ್ಮಲ್ಲಿ ಕಾಣಿಸದು, ಆಚರಣೆ ಇಲ್ಲ ಎಂದು ಅದರಲ್ಲೇ ಇತ್ತು. ಶಾಸ್ತ್ರವೇ ಬಿಟ್ಟದ್ದನ್ನು ನಾನು ಬಿಡಲಿಲ್ಲ. ಒಂದು ತಿಂಗಳು ಒಳಗೊಳಗೇ ಕುದಿದು, ಕೊನೆಗೆ ನಿನ್ನ ಅತ್ತೆಯ ಎದುರು ಅದನ್ನು ನಿನ್ನ ಮಡಿಲಿಗೆ ಹಾಕಿ ಬಂದೆ.

ತೊಂಬತ್ತರ ಕಥೆಯನ್ನು ನೀನು ಅಜ್ಜಿಯ ಬಾಯಲ್ಲಿ ಕೇಳಿಕೊಂಡೇ ಬೆಳೆದದ್ದು. ಆಗ ನಾವು ಸ್ಟೇಷನ್ನಿನ ಹತ್ತಿರದ ಸಾಲುಕೋಣೆಗಳ ಚಾಳಿನಲ್ಲಿ ಒಂದು ಕೋಣೆಯಲ್ಲಿದ್ದೆವು. ಪಪ್ಪ ಕಲ್ಯಾಣದ ಹೋಟೆಲಿನಲ್ಲಿ. ಗ್ರಹಣದ ದಿನ ಇಡ್ಲಿಹಿಟ್ಟಿನ ಕೊಪ್ಪರಿಗೆಗಳಿಗೆಲ್ಲ ದರ್ಭೆ ಹಾಕಿ, ಬೇಗ ಬಾಗಿಲೆಳೆದು, ಗ್ರಹಣ ಬಿಟ್ಟ ಮೇಲೆ ತೊಳೆದು ಬರಬೇಕು, ಅವರು ಅಲ್ಲೇ ಉಳಿದರು. ಅಜ್ಜಿ ಸಂಜೆ ಭಜನಾ ಮಂದಿರಕ್ಕೆ ಜಪಕ್ಕೆ ಹೋದರು. ಐದು ತಿಂಗಳ ಬಸುರಿ ನಾನು ಕೋಣೆಯಲ್ಲಿ ಒಬ್ಬಳೇ. ಹೊರಗೆ ಜಡಿಮಳೆ. ಡಿಸೆಂಬರಿನಲ್ಲಿ ಸಮಿತ್ ಹುಟ್ಟಿದ. ಸೂಲಗಿತ್ತಿ ನರ್ಸು ಅವನನ್ನು ಬಟ್ಟೆಯಲ್ಲಿ ಸುತ್ತಿ, ಮುಖ ನನಗೆ ಕಾಣದ ಹಾಗೆ ಹಿಡಿದುಕೊಂಡು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಿನ್ನ ಅಜ್ಜಿ ದ್ರೌಪದಿಯಮ್ಮ ಕಟುಕಿಯಲ್ಲ. ಆದರೆ ಎದ್ದಾಗ ಕೂತಾಗ ಕೇಳಿದರು. ನೆರೆಮನೆಯವರೂ ಕೇಳಿದರು, ಊರಿನಿಂದ ಕಾಗದ ಬರೆದವರೂ ಕೇಳಿದರು. ಕೊನೆಗೊಂದು ದಿನ, ಹಸಿಮೆಣಸು ಕತ್ತರಿಸಿದ್ದೆ ಎಂದೆ. ಅಂದಿನಿಂದ ಮನೆ ತಣ್ಣಗಾಯಿತು. ಅಜ್ಜಿಯೇ ಮಗುವಿಗೆ ಹತ್ತಿಯಲ್ಲಿ ಹಾಲು ಹಿಂಡಿ ಕುಡಿಸಿದರು, ಅಜ್ಜಿಯೇ ಮುಂಬಯಿಯ ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ನಡೆದರು. ಹೊಲಿಗೆ ಮಾಗಿದ ಮೇಲೆ ಊರಿಗೆ ಹೋಗಿ, ದೇವರ ಮುಂದೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನಾನು ತಪ್ಪು ಕಾಣಿಕೆ ಹಾಕಿದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಆ ನೋಟವನ್ನು ಹೊತ್ತು ಇಷ್ಟು ವರ್ಷ ಬಾಳಿದ್ದೇನೆ. ಮಗ ಮಾತು ಕಲಿಯಲು ತಡಮಾಡಿದಾಗ, ಕನ್ನಡ ಶಾಲೆಯಲ್ಲಿ ಮಕ್ಕಳು ಅಣಕಿಸಿದರೆಂದು ವರ್ಷ ತುಂಬುವ ಮೊದಲೇ ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕಿದಾಗ, ಹುಡುಗಿ ನೋಡಲು ಹೋದಲ್ಲೆಲ್ಲ ಅವನು ಬಾಯಿಗೆ ಕರವಸ್ತ್ರ ಹಿಡಿದಾಗ, ಪ್ರತಿ ಸಲವೂ ನನ್ನ ಕೈಯನ್ನೇ ನೋಡಿಕೊಂಡಿದ್ದೇನೆ. ಭಾನುವಾರ ನೀನು ಆ ಹರಿವಾಣಕ್ಕೆ ಕೈ ಚಾಚಿದರೆ ನಿನ್ನ ಗತಿಯೂ ಅದೇ. ಮಗುವಿನ ತುಟಿಯನ್ನು ಡಾಕ್ಟರರು ಹೊಲಿದುಕೊಡುತ್ತಾರೆ. ಇದನ್ನು ಹೊಲಿಯುವವರಿಲ್ಲ.

ಮನೆಗೆ ಬಂದ ಮರುದಿನ ಸಮಿತ್‌ಗೆ ಎಲ್ಲ ಹೇಳಿದೆ. ಡಾಕ್ಟರಮ್ಮನಿಗೆ ಅವನ ವಿಷಯ ಮುಚ್ಚಿಟ್ಟದ್ದನ್ನೂ, ನಿನ್ನನ್ನು ಕೇಳಿದ್ದನ್ನೂ ಹೇಳಿದೆ. ಊಟಕ್ಕೆ ಕೂತಿದ್ದವನು ಕೈ ನಿಲ್ಲಿಸಿದ. ತುಳುವಿನಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ:

“ಅಮ್ಮ, ನನ್ನ ಮುಖ ಕಂಡಾಗೆಲ್ಲ ನಿನಗೆ ನಿನ್ನ ತಪ್ಪೇ ಕಾಣುವುದಾ?”

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟು ಹೋದ. ಎರಡು ದಿನ ಕಳೆದು ತಾನಾಗಿ ಬಂದು ಪಕ್ಕ ಕೂತ. ಅದೇ ಗ್ರಹಣ ನಮ್ಮನ್ನು ಹುಡುಕಿಕೊಂಡು ಬಂತಲ್ಲೋ ಎಂದು ನಾನು ಅತ್ತೆ. ಅದಕ್ಕೆ ನಮ್ಮ ವಿಳಾಸ ಗೊತ್ತಿಲ್ಲ ಎಂದ. ನಮ್ಮ ಅಜ್ಜಂದಿರ ಅಜ್ಜಂದಿರು ಹುಟ್ಟುವುದಕ್ಕೆ ಮೊದಲಿನಿಂದ ಅದು ತನ್ನ ಪಾಡಿಗೆ ತಿರುಗುತ್ತಿದೆ, ಇಂಥ ಎಷ್ಟೋ ಸಾಲುಗಳು ಒಟ್ಟೊಟ್ಟಿಗೆ ತಿರುಗುತ್ತಿವೆ, ಆ ಬೆಳಿಗ್ಗೆ ಅಮೆರಿಕದ ಆಕಾಶದಲ್ಲಿ ಚಂದ್ರನಿದ್ದ, ಅಲ್ಲಿಯ ಬಸುರಿಯರು ಎಷ್ಟು ಜನ ಎಷ್ಟು ತರಕಾರಿ ಹೆಚ್ಚಿರಬಹುದು ಎಂದು ಕೇಳಿದ. ಇನ್ನೊಂದು ಮಾತು ಹೇಳಿದ. ತೊಂಬತ್ತರಲ್ಲಿ ನಾನು ಬಾಗಿಲು ಹಾಕಿಕೊಂಡಿದ್ದೆ. ಎರಡು ಸಾವಿರದ ಎಂಟರಲ್ಲಿ ಅವನು ಟೆರೇಸಿಗೆ ಹೋದರೆ ಮೋಡ. ಈ ಸಲ ಚಂದ್ರನೇ ಇರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರೂ ಆ ಗ್ರಹಣವನ್ನು ಕಣ್ಣಿಂದ ನೋಡಿಲ್ಲ ಅಮ್ಮ, ಎಂದ. ನನಗೆ ಅಳುವಿನ ನಡುವೆ ನಗು ಬಂತು, ಆಮೇಲೆ ಆ ನಗುವಿಗೂ ನಾಚಿಕೆಯಾಯಿತು.

ಮೊನ್ನೆ ಶನಿವಾರ ಅವನೇ ನನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ನಾನು ಸುಳ್ಳು ಹೇಳಿದ್ದೆನೆಂದು ನಾನೇ ಹೇಳಿದೆ. ಅವರು ಬೈಯಲಿಲ್ಲ, ಕಂಪ್ಯೂಟರಿನಲ್ಲಿ ಬರೆದುಕೊಂಡರು. ಸಮಿತ್‌ಗೆ ಮೀಸೆ ಸರಿಸಲು ಹೇಳಿ, ಗೆರೆಯ ಮೇಲೆ ಬೆರಳಾಡಿಸಿ, ಆ ಕಾಲಕ್ಕೆ ಎಷ್ಟು ಒಳ್ಳೆಯ ಹೊಲಿಗೆ ಎಂದು ಮೆಚ್ಚಿಕೊಂಡರು. ಅವನ ಮುಖ ಕೆಂಪಾಯಿತು. ಆ ಗೆರೆಯನ್ನು ಯಾರಾದರೂ ಮೆಚ್ಚಿದ್ದನ್ನು ನಾನು ಇದುವರೆಗೆ ಕೇಳಿರಲಿಲ್ಲ. ತುಟಿ ಕೂಡಿಕೊಳ್ಳುವುದು ಎರಡು ಮೂರನೆಯ ತಿಂಗಳಲ್ಲೇ ಮುಗಿದುಹೋಗುತ್ತದಂತೆ. ರಾಖಿಯ ಹೊತ್ತಿಗೆ ನಿನಗೆ ನಾಲ್ಕು ತುಂಬುತ್ತಾ ಬಂದಿತ್ತು. ಕೆಲವು ಮನೆತನಗಳಲ್ಲಿ ಹೀಗೆ ಬರುವುದುಂಟು, ಏನೂ ಇಲ್ಲದೆಯೂ ಬರುವುದುಂಟು, ಯಾರ ಕೈಯ ತಪ್ಪೂ ಅಲ್ಲ ಎಂದು ನನ್ನ ಕಡೆ ನೋಡಿ ಎರಡು ಸಲ ಹೇಳಿದರು.

ಶುಕ್ರವಾರ ಸಂಜೆ ನಾನು, ಸಮಿತ್ ಇಬ್ಬರೂ ಮಾಜಿವಾಡಾಕ್ಕೆ ಬರುತ್ತೇವೆ. ಮೆಟ್ಟಿಲಿನಿಂದ ಬಿದ್ದದ್ದಲ್ಲ, ಹುಟ್ಟುವಾಗಲೇ ಇದ್ದದ್ದು ಎಂದು ವಾರಿಜಕ್ಕನಿಗೆ ನಾನೇ ಹೇಳುತ್ತೇನೆ. ಮುಚ್ಚಿಟ್ಟು ಮದುವೆ ಮಾಡಿದಿರಿ ಎಂದು ಅವರು ನಾಲ್ಕು ಮಾತು ಆಡಿದರೆ ಕೇಳಿಕೊಳ್ಳುತ್ತೇನೆ. ಅವರ ಮೇಲೆ ನೀನು ಸಿಟ್ಟಾಗಬೇಡ. ನಾನು ಕೈಗೆ ಕೊಟ್ಟದ್ದನ್ನು ಹಿಡಿದುಕೊಂಡಿದ್ದಾರೆ, ಅಷ್ಟೇ. ಕಾಣಿಕೆ ಹಾಕಲೇಬೇಕು ಎಂದು ಭಟ್ಟರು ಹಟ ಹಿಡಿದರೆ ನಾನು ಹಾಕುತ್ತೇನೆ. ನನಗೆ ಈಗ ನಿಜವಾಗಿ ಒಂದು ತಪ್ಪಿದೆ.

ಶುಕ್ರವಾರ ನಾನು ಅದನ್ನು ಹೇಳುವಾಗ ನೀನು ನಾಚಿಕೊಂಡು ಬಾಗಿಲಿನ ಹಿಂದೆ ನಿಲ್ಲಬೇಕಾಗಿಲ್ಲ. ನನ್ನ ಜೊತೆ ಮಾತಾಡಲೇಬೇಕೆಂದೂ ಇಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಎಡಮಗ್ಗುಲಾಗಿ ಮಲಗು. ಮಗುವಿಗೆ ಏನೂ ಆಗಿಲ್ಲ, ಮಾಮನ ತುಟಿ ಬಂದಿದೆ.

ನಿನ್ನೆದುರು ತಲೆಯೆತ್ತಲಾರದ,
ಅಮ್ಮ
ಜಯಲತಾ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಮೇಲಿನ ಬುದ್ಧಿಯೆಲ್ಲ ಡಾಕ್ಟರಮ್ಮನದು, ಸಮಿತ್‌ನದು. ನನಗೇ ಗೊತ್ತಿರುವುದು ಒಂದಿದೆ. ತೊಂಬತ್ತರ ಆ ಸಂಜೆ ನಾನು ಹಸಿಮೆಣಸು ಕತ್ತರಿಸಲಿಲ್ಲ. ಏನನ್ನೂ ಕತ್ತರಿಸಲಿಲ್ಲ. ನಿನ್ನ ಅಜ್ಜಿ ಕೊಟ್ಟ ದರ್ಭೆಯನ್ನು ಮುಷ್ಟಿಯಲ್ಲಿ ಹಿಡಿದು, ಅವರು ಬಂದು ಬಾಗಿಲು ತಟ್ಟುವವರೆಗೆ ಚಾಪೆಯ ಮೇಲೆ ನೆಟ್ಟಗೆ ಮಲಗಿದ್ದೆ. ಸೊಳ್ಳೆ ಕಚ್ಚಿದರೂ ತುರಿಸಿಕೊಳ್ಳಲಿಲ್ಲ. ಮಗು ಹುಟ್ಟಿದ ಮೇಲೆ, ಕತ್ತರಿಸಿದ್ದೆಯಾ ಎಂದು ಯಾರೂ ಕೇಳಲಿಲ್ಲ. ಏನು ಕತ್ತರಿಸಿದೆ ಎಂದೇ ಕೇಳಿದರು. ಕೇಳುವುದು ನಿಲ್ಲಲಿ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ, ಹೇಳಿ ಹೇಳಿ ನಾನೇ ಅರ್ಧ ನಂಬಿದೆ. ಎಲ್ಲ ನೇಮ ಪಾಲಿಸಿದರೂ ಸಮಿತ್ ಹಾಗೆಯೇ ಹುಟ್ಟಿದ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅಂಥ ನಾನು ನಿನ್ನನ್ನು ಕೇಳಿದೆ. ಸಮಿತ್‌ಗೆ ಎಲ್ಲ ಹೇಳಿದೆ ಎಂದು ಮೇಲೆ ಬರೆದಿದ್ದೇನೆ, ಇದೊಂದನ್ನು ಹೇಳಲು ನಾಲಿಗೆ ಏಳಲಿಲ್ಲ. ನೀನು ಇದನ್ನು ಓದುವಾಗ ಅವನು ನಿನ್ನ ಆಫೀಸಿನ ಗೇಟಿನ ಹತ್ತಿರವೇ ನಿಂತಿರುತ್ತಾನೆ. ಅವನಿಗೆ ಕನ್ನಡ ಓದಲು ಬಾರದು. ನೀನೇ ಓದಿ ಹೇಳು.